ಪಿಲ್ಲರ್ ಕಂಬಿಗೆ ಕಟ್ಟಿದ ಹಗ್ಗ

ಶಿವರಾತ್ರಿ ಕಳೆದು ವಾರವಾಗಿತ್ತು. ಚಳಿ ಶಿವಶಿವಾ ಎಂದು ಹೊರಟುಹೋಗಿ ತುಮಕೂರಿನ ಬೆಳಗಿಗೆ ಆಗಲೇ ಬಿಸಿಲಿನ ಕಾವು ಹತ್ತಿತ್ತು. ಆರೂವರೆಗೆ ನಮ್ಮ ಗೇಟಿನ ಮುಂದೆ ಲಗೇಜ್ ಆಟೋ ಬಂದು ನಿಂತಾಗ ಬಾಗಿಲಿಗೆ ಹಾಕಿದ ನೀರಿನ್ನೂ ಆರಿರಲಿಲ್ಲ. ಆಟೋದಲ್ಲಿ ಆರು ಸೋಲಾರ್ ಪ್ಯಾನೆಲ್‌ಗಳು, ಮೂಲೆಗೆ ರಟ್ಟಿನ ಟೊಪ್ಪಿಗೆ ಹಾಕಿಕೊಂಡು ಒಂದಕ್ಕೊಂದು ಬೆನ್ನು ಕೊಟ್ಟು ನಿಂತಿದ್ದವು. ಒಂದೊಂದೂ ಏಳೂವರೆ ಅಡಿ ಉದ್ದ, ಮೂರು ಮುಕ್ಕಾಲು ಅಡಿ ಅಗಲ, 28 ಕಿಲೋ ತೂಕ. ಒಂದಕ್ಕೆ 540 ವ್ಯಾಟ್. ಆರೂ ಸೇರಿದರೆ ಮೂರು ಕಿಲೋವ್ಯಾಟಿಗೆ ಚೂರು ಮೇಲೆ. ನಮ್ಮ ಮನೆಗೆ ಅಷ್ಟು ಸಾಕು ಎಂದು ಲೆಕ್ಕ ಹಾಕಿದ್ದೆವು.

ಬಂದವರು ಐದು ಜನ. ಪ್ಯಾನೆಲ್ ಕೂರಿಸುವ ತಂಡದ ಮಾಲೀಕರಿಗೆ ನಲವತ್ತರ ಒಳಗೆ ವಯಸ್ಸು, ಉಳಿದವರೆಲ್ಲ ಅವರನ್ನು ಅಣ್ಣ ಎಂದು ಕರೆಯುತ್ತಿದ್ದರು. ಐವತ್ತು ದಾಟಿದ ಮೇಸ್ತ್ರಿ, ಹಿಂದೆ ಹತ್ತು ವರ್ಷ ಸೋಲಾರ್ ವಾಟರ್ ಹೀಟರ್ ಕೂರಿಸಿದವರು. ವೈರಿಂಗ್ ಮಾಡುವವನು ಒಬ್ಬ. ಮತ್ತಿಬ್ಬರು ಹುಡುಗರು. ಅವರಲ್ಲಿ ಒಬ್ಬನ ಕನ್ನಡಕ್ಕೆ ತೆಲುಗಿನ ಎಳೆ ಇತ್ತು. ಪಾವಗಡದ ಕಡೆಯವನಾ ಎಂದು ಕೇಳಿದೆ. "ತಿರುಮಣಿ ಸಾರ್," ಎಂದ, ಹೆಗಲ ಮೇಲಿನ ಹಗ್ಗದ ಸುರುಳಿ ಇಳಿಸುತ್ತ.

ಮೇಸ್ತ್ರಿ ನಮ್ಮ ಮೆಟ್ಟಿಲು ಹತ್ತಿ ಇಳಿದು ಬಂದು ತಲೆಯಾಡಿಸಿದರು. "ತಿರುವಲ್ಲಿ ತಿರುಗಲ್ಲ ಸಾರ್ ಇದು. ಗಾಜು ಗೋಡೆಗೆ ತಾಗಿದ್ರೆ ಹೋಯ್ತು. ಹಗ್ಗ ಬಿಡ್ಬೇಕು." ಹಾಗೆ ಪ್ಯಾನೆಲ್‌ಗಳು ಹೊರಗಿನಿಂದ ಏರತೊಡಗಿದವು. ಮೇಲೆ ಇಬ್ಬರು ಎಳೆಯುವವರು, ಕೆಳಗೆ ಒಬ್ಬ ಹಿಡಿದು ಬಿಡುವವನು, ನಡುವೆ ಕಿಟಕಿಯ ಸಜ್ಜೆಯ ಮೇಲೆ ತಿರುಮಣಿಯ ಹುಡುಗ. ಸಜ್ಜೆ ಎರಡಡಿ ಅಗಲ. ಅದರ ಮೇಲೆ ಬೆನ್ನು ಗೋಡೆಗೊತ್ತಿ ನಿಂತು, ಬರುವ ಪ್ಯಾನೆಲ್ಲನ್ನು ಅಂಗೈಯಿಂದ ಗೋಡೆಗೆ ತಾಗದಂತೆ ತಡೆದು, ಮೇಲಕ್ಕೆ ದಾಟಿಸಬೇಕು. ಮೂರನೆಯದು ಏರುವಾಗ ದೇವರಾಯನದುರ್ಗದ ಕಡೆಯಿಂದ ಒಂದು ಗಾಳಿ ಬೀಸಿತು. ಇಪ್ಪತ್ತೆಂಟು ಚದರಡಿಯ ಹಲಗೆ ಗಾಳಿಗೆ ಮುಖ ಕೊಟ್ಟರೆ ಅದು ಮೊರದಂತೆ ತಿರುಗುತ್ತದೆ. ಮೇಲಿದ್ದವರು ಹಗ್ಗವನ್ನು ಸೊಂಟಕ್ಕೆ ಒತ್ತಿ ಹಿಡಿದರು. ಹುಡುಗ ಕೆನ್ನೆಯನ್ನೇ ಗಾಜಿಗೆ ಕೊಟ್ಟು ನಿಂತ. "ಹುಷಾರು ಕಣ್ಲಾ," ಎಂದು ಮೇಸ್ತ್ರಿ ಅಂದದ್ದು ಬಹಳ ಮೆಲ್ಲಗೆ. ಜೋರಾಗಿ ಕೂಗಿದರೆ ಹುಡುಗ ಬೆಚ್ಚಿಯಾನೆಂಬ ಎಚ್ಚರ ಅದು.

ನಮ್ಮ ತಾರಸಿಗೆ ಮೂರಡಿಯ ಪ್ಯಾರಾಪೆಟ್ ಗೋಡೆ ಇದೆ. ನೆಲದ ಮೇಲೆ ನಿಂತವನಿಗೆ ಅದು ಕಾವಲು. ಆದರೆ ನಾನು ಕೇಳಿದ್ದು ಎತ್ತರದ ಸ್ಟ್ರಕ್ಚರ್. ಪ್ಯಾನೆಲ್ ಕೆಳಗೆ ಓಡಾಡುವಂತಿರಬೇಕು, ಹಪ್ಪಳ ಸಂಡಿಗೆ ಒಣಹಾಕಬೇಕು, ಸಂಜೆ ಕುರ್ಚಿ ಹಾಕಿಕೊಂಡು ಕೂರಬೇಕು ಎಂಬುದು ಮನೆಯವರೆಲ್ಲರ ಆಸೆ. ಈಗ ನಮ್ಮ ಊರುಗಳಲ್ಲಿ ಹೆಚ್ಚಿನವರು ಕೇಳುವುದೇ ಹೀಗೆ. ಹಾಗಾಗಿ ಜಿಐ ಕಂಬಗಳು ಎಂಟಡಿ ಎದ್ದವು, ಅವುಗಳ ಮೇಲೆ ದಕ್ಷಿಣಕ್ಕೆ ವಾಲಿದ ಚೌಕಟ್ಟು ಕೂತಿತು. ಆ ಚೌಕಟ್ಟಿನ ಅಂಚಿಗೆ ಹತ್ತಿ ಕ್ಲ್ಯಾಂಪ್ ಬಿಗಿಯುವವನ ಪಾದ ಪ್ಯಾರಾಪೆಟ್ಟಿಗಿಂತ ಐದಡಿ ಮೇಲಿರುತ್ತದೆ. ಅವನು ಜಾರಿದರೆ ಗೋಡೆ ತಡೆಯುವುದಿಲ್ಲ, ಗೋಡೆ ದಾಟಿಯೇ ಬೀಳುತ್ತಾನೆ. ಸಂಡಿಗೆ ಹಾಸಲು ನಾನು ಕೇಳಿದ ಎತ್ತರ ಇನ್ನೊಬ್ಬರ ಮಗನ ಜೀವಕ್ಕೆ ಸೇರಿಸಿದ ಎತ್ತರ ಎಂಬುದು ಕೊಟೇಶನ್ ಹಾಳೆಗೆ ಸಹಿ ಹಾಕುವಾಗ ನನಗೆ ಹೊಳೆದಿರಲಿಲ್ಲ.

ಮಾಲೀಕರ ಬೈಕಿನ ಬಾಕ್ಸಿನಲ್ಲಿ ಎರಡು ಸೇಫ್ಟಿ ಬೆಲ್ಟುಗಳಿದ್ದವು. ತೊಡೆ, ಹೆಗಲು, ಎದೆಯನ್ನು ಸುತ್ತುವ ಪೂರ್ತಿ ಮೈಯ ಬೆಲ್ಟು, ಬೆನ್ನ ಹಿಂದೆ ಕೊಂಡಿ. ಮೇಲೆ ಹತ್ತುವ ಇಬ್ಬರಿಗೆ ಎರಡು. ಹಾಕಿಕೊಂಡ ಮೇಲೆ ಪ್ರಶ್ನೆ: ಕಟ್ಟುವುದು ಎಲ್ಲಿಗೆ? ಮನೆಯ ತಾರಸಿಯಲ್ಲಿ ಮನುಷ್ಯನ ಭಾರ ತಡೆಯುವ ಕೊಂಡಿಯನ್ನು ನಮ್ಮಲ್ಲಿ ಯಾರೂ ಇಟ್ಟು ಕಟ್ಟುವುದಿಲ್ಲ. ಸಿಂಟೆಕ್ಸ್ ಟ್ಯಾಂಕಿನ ಪೈಪು ಆಗದು, ಡಿಶ್ ಕಂಬ ಆಗದು. ತಿರುಮಣಿಯ ಹುಡುಗ ಸುತ್ತ ನೋಡಿ ನೇರವಾಗಿ ಮೂಲೆಯ ಪಿಲ್ಲರ್ ಕಂಬಿಗಳ ಹತ್ತಿರ ಹೋದ. ಮಕ್ಕಳು ದೊಡ್ಡವರಾದ ಮೇಲೆ ಮಹಡಿ ಏರಿಸೋಣ ಎಂದು ನಾವು ಹದಿನೈದು ವರ್ಷದ ಹಿಂದೆ ಬಿಟ್ಟ ಕಂಬಿಗಳವು. ತುಕ್ಕು ಹಿಡಿದು ಕೆಂಪಾಗಿವೆ, ತುದಿಗೆ ಕಣ್ಣಿಗೆ ಚುಚ್ಚದಿರಲಿ ಎಂದು ನೀರಿನ ಬಾಟಲಿ ಮಗುಚಿ ಹಾಕಿದ್ದೇವೆ. ಬೀದರಿನಿಂದ ಚಾಮರಾಜನಗರದವರೆಗೆ ಇಂಥ ಕಂಬಿ ಇಲ್ಲದ ತಾರಸಿ ವಿರಳ. ಹುಡುಗ ನಾಲ್ಕೂ ಕಂಬಿಯನ್ನು ಒಂದೊಂದಾಗಿ ಅಲುಗಾಡಿಸಿ ನೋಡಿ, ಬುಡಕ್ಕೆ ಹತ್ತಿರವಾಗಿ ಹಗ್ಗ ಸುತ್ತಿ ಗಂಟು ಹಾಕಿದ. ಮೇಸ್ತ್ರಿ ಬಂದು ಆ ಗಂಟನ್ನು ಇನ್ನೊಮ್ಮೆ ಎಳೆದು ನೋಡಿದರು.

ನಾವು ಕಟ್ಟದೆ ಬಿಟ್ಟ ಮಹಡಿಗೆ ಅವನ ಜೀವ ಕಟ್ಟಿಕೊಂಡಿತು.

ಹತ್ತು ಗಂಟೆಗೆ ಕ್ಯಾತ್ಸಂದ್ರದಿಂದ ತಟ್ಟೆ ಇಡ್ಲಿ ಬಂತು. ವಾಟರ್ ಟ್ಯಾಂಕಿನ ನೆರಳಿನಲ್ಲಿ ಕೂತು ತಿನ್ನುವಾಗ ಮಾಲೀಕರು ಜೇಬಿನಿಂದ ಸಣ್ಣ ಹಾಜರಿ ಪುಸ್ತಕ ತೆಗೆದು ಆ ದಿನದ ಗೀಟು ಹಾಕಿದರು. ಪುಟದಲ್ಲಿ ಒಂಬತ್ತು ಹೆಸರು. ಇಲ್ಲಿ ನಾಲ್ವರು, ಇನ್ನೈದು ಜನ ಅವತ್ತು ಶಿರಾ ರಸ್ತೆಯ ಇನ್ನೊಂದು ಮನೆಯಲ್ಲಿ. ಒಂಬತ್ತು ಜನ ಸಾಕಾಗುತ್ತಾರಾ ಎಂದು ಸುಮ್ಮನೆ ಕೇಳಿದೆ. ಅವರು ಇಡ್ಲಿ ಮುರಿಯುವುದನ್ನು ನಿಲ್ಲಿಸಿ ನೋಡಿದರು. "ಸಾಕಾಗಲ್ಲ ಸಾರ್. ಹತ್ತಾದ್ರೆ ಇಎಸ್‌ಐ ಬರುತ್ತೆ. ಅದಕ್ಕೆ ಒಂಬತ್ತಕ್ಕೇ ನಿಲ್ಸಿದೀನಿ."

ಆ ಒಂದು ಮಾತಿನಲ್ಲಿ ನಮ್ಮ ಕಾರ್ಮಿಕ ಕಾನೂನಿನ ಇಡೀ ನಕಾಶೆ ಇದೆ. ಹತ್ತು ಜನ ಇದ್ದರೆ ಇಎಸ್‌ಐ. ಇಪ್ಪತ್ತಾದರೆ ಪಿಎಫ್. 1996ರ ಕಟ್ಟಡ ಕಾರ್ಮಿಕರ ಕಾಯ್ದೆಗೂ ಹತ್ತೇ ಹೊಸ್ತಿಲು; ಜೊತೆಗೆ, ಸ್ವಂತ ವಾಸದ ಮನೆಗೆ 10 ಲಕ್ಷದೊಳಗೆ ಖರ್ಚು ಮಾಡಿ ಕೆಲಸ ಮಾಡಿಸುವವನನ್ನು ಅದು ಹೊರಗೇ ಬಿಟ್ಟಿತ್ತು. ಮೂರು ಕಿಲೋವ್ಯಾಟಿನ ಸೋಲಾರ್ ಎರಡು ಲಕ್ಷದ ಆಸುಪಾಸಿನ ಕೆಲಸ. 2025ರ ನವೆಂಬರ್ 21ರಂದು ಹಳೆಯ 29 ಕಾನೂನುಗಳನ್ನು ಮಡಚಿ ನಾಲ್ಕು ಕಾರ್ಮಿಕ ಸಂಹಿತೆಗಳು ಜಾರಿಗೆ ಬಂದವು. ಸಾಮಾಜಿಕ ಭದ್ರತಾ ಸಂಹಿತೆಯಲ್ಲಿ ಆ 10 ಲಕ್ಷ 50 ಲಕ್ಷವಾಯಿತು. ಹತ್ತು ಹತ್ತಾಗಿಯೇ ಉಳಿಯಿತು. ಈ ಲೆಕ್ಕದಲ್ಲಿ ನಮ್ಮ ತಾರಸಿಯ ಮೇಲೆ ಹೊಸ ಕಾನೂನಿನ ನೆರಳೂ ಬೀಳುವುದಿಲ್ಲ.

ಕಾನೂನು ತಲೆ ಎಣಿಸುತ್ತದೆ. ಎತ್ತರವನ್ನು ಅಳೆಯುವುದಿಲ್ಲ.

ತಿರುಮಣಿಯ ಹುಡುಗನ ಬದುಕನ್ನೇ ನೋಡಿ. ಪಾವಗಡದ ಸೋಲಾರ್ ಪಾರ್ಕು 2,050 ಮೆಗಾವ್ಯಾಟಿನದು, ಸುಮಾರು 13,000 ಎಕರೆ. ತಿರುಮಣಿ, ವಳ್ಳೂರು ಸೇರಿ ಐದು ಊರುಗಳ ರೈತರು ಮಾರದೆ, ಎಕರೆಗೆ ವರ್ಷಕ್ಕೆ 21,000 ರೂಪಾಯಿಯಂತೆ ಗುತ್ತಿಗೆಗೆ ಕೊಟ್ಟ ಬೆದ್ದಲು ನೆಲ ಅದು. ಈ ಹುಡುಗನ ಮನೆಯವರದೂ ಒಂದಿಷ್ಟು ಅದರಲ್ಲಿ ಸೇರಿದೆ. ಇವನು ಅಲ್ಲೇ ಎರಡು ವರ್ಷ ಕಂಟ್ರಾಕ್ಟ್ ಮೇಲೆ ಪ್ಯಾನೆಲ್ ತೊಳೆದ, ಹುಲ್ಲು ಕೊಯ್ದ. "ಅಲ್ಲಿ ಗೇಟಲ್ಲೇ ಹೆಲ್ಮೆಟ್ಟು, ಶೂ ನೋಡ್ತಿದ್ರು ಸಾರ್. ಕಾರ್ಡಿಲ್ಲ ಅಂದ್ರೆ ಒಳಕ್ಕೆ ಬಿಡ್ತಿರಲಿಲ್ಲ. ಪಿಎಫ್ ನಂಬ್ರೂ ಇತ್ತು." ಪಾರ್ಕಿನಲ್ಲಿ ಪ್ಯಾನೆಲ್ಲು ಎದೆಯ ಮಟ್ಟಕ್ಕೆ ಇರುತ್ತದೆ, ನೆಲದ ಮೇಲೆ ನಿಂತೇ ಕೆಲಸ. ಅಲ್ಲಿ ಅವನ ಸುತ್ತ ರಿಜಿಸ್ಟರುಗಳಿದ್ದವು. ಕೆಲಸ ಕಲಿತು, ಕೂಲಿ ಹೆಚ್ಚಿ, ಮೂವತ್ತಡಿ ಮೇಲೆ ಹತ್ತಿದ ದಿನ ಅವೆಲ್ಲ ಕೆಳಗೇ ಉಳಿದವು. ಈಗ ಅವನ ಹತ್ತಿರ ಇರುವುದು ಒಂದು ಇ-ಶ್ರಮ್ ಕಾರ್ಡು, ಬ್ಯಾಂಕಿನವರು ವರ್ಷಕ್ಕೆ 20 ರೂಪಾಯಿ ಹಿಡಿದು ಮಾಡಿದ ಎರಡು ಲಕ್ಷದ ಅಪಘಾತ ವಿಮೆ, ಮತ್ತು ಮೇಸ್ತ್ರಿ ಎಳೆದು ನೋಡಿದ ಆ ಗಂಟು.

ಬಿಸಿಲೇರಿದಂತೆ ಕೆಲಸ ವೈರಿಂಗಿಗೆ ಬಂತು. ಇದನ್ನು ಹತ್ತಿರದಿಂದ ನೋಡಬೇಕು ಎಂದು ನಾನು ಕೂತೆ. ಪ್ಯಾನೆಲ್ಲಿಗೆ ಸ್ವಿಚ್ ಇಲ್ಲ. ಬಿಸಿಲು ಬಿದ್ದರೆ ಅದು ಎದ್ದಂತೆಯೇ. ಆರನ್ನೂ ಸಾಲಾಗಿ ಜೋಡಿಸಿದಾಗ ತುದಿಯಲ್ಲಿ 290 ವೋಲ್ಟಿನ ಹತ್ತಿರ ಡಿಸಿ ನಿಂತಿರುತ್ತದೆ. ಮನೆಯ ಎಸಿ ಕರೆಂಟು ಸೆಕೆಂಡಿಗೆ ನೂರು ಸಲ ಸೊನ್ನೆಗೆ ಇಳಿದು ಏಳುತ್ತದೆ, ಕಿಡಿ ಹುಟ್ಟಿದರೂ ಅದಕ್ಕೆ ಆರಲು ಎಡೆ ಸಿಗುತ್ತದೆ. ಡಿಸಿಗೆ ಆ ಇಳಿತವೇ ಇಲ್ಲ. ಒಮ್ಮೆ ಕಿಡಿ ಹಿಡಿದರೆ ಎಳೆದಷ್ಟೂ ಉದ್ದವಾಗಿ ಉರಿಯುತ್ತದೆ. ಅದಕ್ಕೇ ವೈರಿಂಗಿನವನು ನಮ್ಮ ಮನೆಯ ಹಳೆಯ ಜಮಖಾನ ಕೇಳಿ ತಂದು ಪ್ಯಾನೆಲ್ ಮೇಲೆ ಹೊದಿಸಿದ, ಎತ್ತಿನ ಬೆನ್ನಿಗೆ ಜೂಲು ಹಾಕಿದ ಹಾಗೆ. ಆಮೇಲೆ ಕೇಬಲ್ ತುದಿ ಸುಲಿದು, ತಾಮ್ರದ ಎಳೆಗಳನ್ನು ಬೆರಳಲ್ಲಿ ಹೊಸೆದು, ಪಿನ್ನು ತೂರಿಸಿ ಕ್ರಿಂಪಿಂಗ್ ಇಕ್ಕಳದಲ್ಲಿ ಒತ್ತಿದ. ಒಂದು ಎಳೆ ಹೊರಗುಳಿದಿದೆ ಎಂದು ಅದನ್ನು ಕತ್ತರಿಸಿ ಎಸೆದು ಹೊಸದಾಗಿ ಮಾಡಿದ. ಗಂಡು ಹೆಣ್ಣು ಎರಡು ಎಂಸಿ4 ಕನೆಕ್ಟರುಗಳು ಸೇರುವಾಗ 'ಟಕ್' ಎಂದಿತು. "ಆ ಸದ್ದು ಬರ್ಬೇಕು ಸಾರ್. ಬರ್ಲಿಲ್ಲ ಅಂದ್ರೆ ಕೂತಿಲ್ಲ ಅಂತ."

ಅವನ ಜೇಬಿನಲ್ಲಿ ವೈರ್‌ಮನ್ ಪರ್ಮಿಟ್ ಇತ್ತು. ವಿದ್ಯುತ್ ಪರಿವೀಕ್ಷಣಾಲಯದ ಪರೀಕ್ಷೆ ಕಟ್ಟಿ ಪಡೆದದ್ದು. ಲೈಸೆನ್ಸ್ ಇರುವ ಕಂಟ್ರಾಕ್ಟರನ ಕೈಕೆಳಗೆ, ಪರ್ಮಿಟ್ ಇರುವವನೇ ತಂತಿ ಮುಟ್ಟಬೇಕು ಎಂದು ವಿದ್ಯುತ್ ಕಾನೂನು ಹೇಳುತ್ತದೆ. ಅಲ್ಲಿ ಹತ್ತು, ಇಪ್ಪತ್ತರ ಮಾತೇ ಇಲ್ಲ. ಒಬ್ಬನೇ ಇದ್ದರೂ ನಿಯಮ ನಿಯಮವೇ. ತಂತಿಯ ವಿಷಯದಲ್ಲಿ ನಾವು ಒಂದರಿಂದ ಎಣಿಸುತ್ತೇವೆ, ತಂತಿ ಹಿಡಿದವನ ವಿಷಯದಲ್ಲಿ ಹತ್ತರಿಂದ. ಈ ಅಂತರ ನನ್ನನ್ನು ಆ ದಿನವಿಡೀ ಕಾಡಿತು.

ಮಧ್ಯಾಹ್ನ ಹನ್ನೆರಡಕ್ಕೆ ಕೆಲಸ ನಿಂತಿತು. ಕಬ್ಬಿಣ ಮುಟ್ಟಲಾಗದಷ್ಟು ಕಾದಿತ್ತು. ಮತ್ತೆ ಶುರುವಾಗುವುದು ಮೂರೂವರೆಗೆ. ಹುಡುಗರು ಹಾಲಿನ ಮೊಸಾಯಿಕ್ ನೆಲದ ಮೇಲೆ ಹಾಗೇ ಮಲಗಿದರು. ಮಾಲೀಕರು ನನ್ನೊಡನೆ ಕೂತು ಮಜ್ಜಿಗೆ ಕುಡಿಯುತ್ತ ಮಾತಾಡಿದರು. ಅವರೂ ಒಂದು ಕಾಲಕ್ಕೆ ಹೆಲ್ಪರ್. ಕರ್ನಾಟಕದಲ್ಲಿ ಮನೆಯ ಸೋಲಾರಿಗೆ ಯೂನಿಟ್ಟಿಗೆ 9.56 ರೂಪಾಯಿ ಕೊಡುತ್ತಿದ್ದ ದಿನಗಳಲ್ಲಿ ಕೆಲಸ ಕಲಿತವರು. 2016ರಲ್ಲಿ ಆ ದರ ಇಳಿಯಿತು. ಕೈತುಂಬ ಇದ್ದ ಕೆಲಸ ಕರಗಿ, ಜೊತೆಗಿದ್ದವರೆಲ್ಲ ಚದುರಿದರು. 2023ರಲ್ಲಿ ಗೃಹಜ್ಯೋತಿ ಬಂದು ತಿಂಗಳಿಗೆ 200 ಯೂನಿಟ್‌ವರೆಗೆ ಉಚಿತವಾದಾಗ ವಿಚಾರಿಸಲು ಬರುತ್ತಿದ್ದ ಫೋನುಗಳು ನಿಂತೇಹೋದವು. ಬಡವರ ಮನೆಯ ಬೆಳಕಿನ ಬಗ್ಗೆ ಅವರಿಗೆ ತಕರಾರಿಲ್ಲ, ಅವರ ತಾಯಿಯ ಮನೆಗೂ ಅದೇ ಬೆಳಕು. ಆದರೆ ಆ ವರ್ಷ ಮೂವರನ್ನು ಬಿಟ್ಟುಕೊಟ್ಟರು. 2024ರ ಫೆಬ್ರುವರಿಯಲ್ಲಿ ಪಿಎಂ ಸೂರ್ಯಘರ್ ಯೋಜನೆ ಬಂತು: ದೇಶಕ್ಕೆ ಒಂದು ಕೋಟಿ ಮನೆ, 75,021 ಕೋಟಿ ರೂಪಾಯಿ, ಮೂರು ಕಿಲೋವ್ಯಾಟಿಗೆ 78,000 ಸಬ್ಸಿಡಿ. ಮತ್ತೆ ಫೋನು, ಮತ್ತೆ ಹುಡುಗರ ಹುಡುಕಾಟ.

"ಈ ತಿಂಗ್ಳು ಹದಿನೈದು ಮನೆ, ಬರೋ ತಿಂಗ್ಳು ನಾಕು. ಇಎಸ್‌ಐಗೆ ಒಂದ್ಸಲ ಸೇರಿದ್ರೆ ಆಮೇಲೆ ಐದೇ ಜನ ಉಳುದ್ರೂ ಆಚೆ ಬರಂಗಿಲ್ಲ. ದುಡ್ಡಿಗಲ್ಲ ಸಾರ್ ಹೆದ್ರೋದು, ಅದುಕ್ಕೆ."

ದುಡ್ಡಿನ ಲೆಕ್ಕವನ್ನು ನಾವು ಅಲ್ಲೇ ಹಾಲಿನ ಕವರಿನ ಹಿಂದೆ ಬರೆದು ನೋಡಿದೆವು. ತಿಂಗಳಿಗೆ 18,000 ಸಂಬಳದವನಿಗೆ ಇಎಸ್‌ಐ ಕಟ್ಟಿದರೆ ಮಾಲೀಕರ ಪಾಲು ನೂರಕ್ಕೆ 3.25, ಅಂದರೆ 585 ರೂಪಾಯಿ. ಕೆಲಸಗಾರನ ಪಾಲು 0.75, ಅಂದರೆ 135. ನಾಲ್ಕು ಜನರ ತಂಡ ತಿಂಗಳಿಗೆ ಆರು ಮನೆ ಮುಗಿಸಿದರೆ ಮಾಲೀಕರ ಮೇಲೆ ಬೀಳುವುದು ಒಂದು ಮನೆಗೆ 390 ರೂಪಾಯಿ. ಎರಡು ಲಕ್ಷದಲ್ಲಿ 390. ಇಬ್ಬರೂ ಆ ಅಂಕಿಯನ್ನು ಸ್ವಲ್ಪ ಹೊತ್ತು ನೋಡಿದೆವು. ಅಷ್ಟಕ್ಕೆ ಆಸ್ಪತ್ರೆ ಇದೆ, ಬಿದ್ದು ಮಲಗಿದ ದಿನಗಳ ಕೂಲಿ ಇದೆ, ಹೆಂಡತಿ ಮಕ್ಕಳ ಚಿಕಿತ್ಸೆ ಇದೆ. ಕಷ್ಟವಿರುವುದು ಹಣದಲ್ಲಿ ಅಲ್ಲ. ಮಳೆಗಾಲದ ಹಳ್ಳದಂತೆ ತುಂಬಿ ಬತ್ತುವ ಕೆಲಸಕ್ಕೆ ವರ್ಷವಿಡೀ ಒಂದೇ ಮಟ್ಟದಲ್ಲಿ ಹರಿಯುವ ಕಾರ್ಖಾನೆಯ ನಿಯಮ ತೊಡಿಸಿದ್ದೇವೆ, ಕಷ್ಟ ಅಲ್ಲಿದೆ. ಕೆಲಸಗಾರ ಏರಿದ ದಿನಗಳಿಗೆ ಲೆಕ್ಕ ಹಾಕಿ, ಮನೆ ಮನೆಗೆ ಇಷ್ಟು ಎಂದು ಹಿಡಿಯುವ ದಾರಿಯಿದ್ದರೆ ಈ ಮನುಷ್ಯ ಇವತ್ತೇ ಕಟ್ಟಿಬಿಡುತ್ತಾರೆ ಎಂದು ನನಗೆ ಅವರ ಮುಖ ನೋಡಿಯೇ ಅನ್ನಿಸಿತು.

ಅದಕ್ಕೆ ಕಾರಣವೂ ಇತ್ತು. ಲೋಟ ಕೆಳಗಿಟ್ಟು ಹೇಳಿದರು. ನಾಲ್ಕು ವರ್ಷದ ಹಿಂದೆ, ಬೇರೆ ಊರಿನಲ್ಲಿ, ಸಂಜೆಯ ಕೆಲಸ. ಮಳೆ ಮೋಡ ಕಟ್ಟಿದೆ ಎಂದು ಆತುರ. ಅವರ ಸೋದರಮಾವನ ಮಗ ಕೊನೆಯ ಕ್ಲ್ಯಾಂಪಿಗೆ ಕೈ ಚಾಚಿ ಚೌಕಟ್ಟಿನಿಂದ ಜಾರಿದ. ಪುಣ್ಯಕ್ಕೆ ಪಕ್ಕದ ಮನೆಯ ಶೀಟಿನ ಮೇಲೆ ಬಿದ್ದು ಆಮೇಲೆ ನೆಲಕ್ಕೆ. ಸೊಂಟದ ಮೂಳೆ ಮುರಿಯಿತು. ಆಸ್ಪತ್ರೆಗೆ ಎರಡು ಲಕ್ಷ ನಲವತ್ತು ಸಾವಿರ. ಊರಲ್ಲಿದ್ದ ಸೈಟು ಮಾರಿ ಕಟ್ಟಿದರು. ಹುಡುಗ ಈಗ ನಡೆಯುತ್ತಾನೆ, ಹತ್ತಲಾರ. ಊರಿನಲ್ಲಿ ಮೊಬೈಲ್ ಅಂಗಡಿ ಇಟ್ಟುಕೊಟ್ಟಿದ್ದಾರೆ. "ನಮ್ಮತ್ತೆ ಇವತ್ತೂ ನನ್ನತ್ರ ಮೊದಲಿನಂಗೆ ಮಾತಾಡಲ್ಲ," ಎಂದರು.

ಜನ ಎಷ್ಟೇ ಕಡಿಮೆ ಇರಲಿ, ಕೆಲಸದಲ್ಲಿ ಗಾಯವಾದರೆ ಮಾಲೀಕ ಪರಿಹಾರ ಕೊಡಬೇಕು ಎಂಬ ಕಾನೂನು ಈ ದೇಶದಲ್ಲಿ 1923ರಿಂದ ಇದೆ. ಈಗ ಅದೂ ಸಾಮಾಜಿಕ ಭದ್ರತಾ ಸಂಹಿತೆಯೊಳಗೆ ಸೇರಿದೆ. ಇಪ್ಪತ್ತೈದರ ಹುಡುಗನೊಬ್ಬ ಸತ್ತರೆ ಆ ಕಾಯ್ದೆಯ ಲೆಕ್ಕ ಹೀಗೆ ಬರುತ್ತಿತ್ತು: ಸಂಬಳ ಎಷ್ಟೇ ಇದ್ದರೂ 15,000ಕ್ಕೆ ಮಿತಿ, ಅದರ ಅರ್ಧ 7,500, ಅದನ್ನು ಆ ವಯಸ್ಸಿನ ಅಂಕಿ 216.91ರಿಂದ ಗುಣಿಸಿದರೆ 16,26,825 ರೂಪಾಯಿ. ಒಂಬತ್ತು ಜನರ ಮಾಲೀಕನಲ್ಲಿ ಅಷ್ಟು ಹಣ ಇರುವುದಿಲ್ಲ. ಹೀಗಾಗಿ ಚಿಕ್ಕವರನ್ನೂ ಮುಟ್ಟುವ ಈ ಕಾನೂನು ಬಾಗಿಲು ತಟ್ಟುವುದು ಎಲ್ಲ ಮುಗಿದ ಮೇಲೆ, ಹೆಣದ ಹಿಂದೆ. ಅದು ಮಾಲೀಕನನ್ನು ಮುರಿಯುತ್ತದೆ. ಎಷ್ಟೋ ಸಲ ಮನೆಯವರಿಗೆ ಪೂರ್ತಿ ದಕ್ಕುವುದೂ ಇಲ್ಲ.

ಆ ಅಪಘಾತದ ನಂತರ ಇವರು ಡಬ್ಲ್ಯೂಸಿ ಪಾಲಿಸಿ ಮಾಡಿಸಿದ್ದಾರೆ. ಈ ಹೊಣೆಯನ್ನು ವಿಮೆಯ ಕಂಪನಿಗೆ ದಾಟಿಸುವ ಪಾಲಿಸಿ ಅದು. ಅದರ ಜೆರಾಕ್ಸ್ ಪ್ರತಿ ಅವರ ಫೈಲಿನಲ್ಲಿ ಸದಾ ಇರುತ್ತದೆ. "ಅಪಾರ್ಟ್‌ಮೆಂಟ್‌ನೋರು ಗೇಟಲ್ಲೇ ಕೇಳ್ತಾರೆ ಸಾರ್. ಮನೆಯೋರು ಯಾರೂ ಕೇಳಲ್ಲ." ನಾನೂ ಕೇಳಿರಲಿಲ್ಲ. ಮೂರು ಕೊಟೇಶನ್ ತರಿಸಿದ್ದೆ. ಪ್ಯಾನೆಲ್ಲಿನ ಗ್ಯಾರಂಟಿ ಕೇಳಿದ್ದೆ, ಇನ್ವರ್ಟರ್ ಯಾವ ಕಂಪನಿಯದು, ಕಂಬಿಗೆ ಎಷ್ಟು ಮೈಕ್ರಾನ್ ಜಿಂಕು, ಎಲ್ಲ ಕೇಳಿದ್ದೆ. ಮೇಲೆ ಹತ್ತುವವನಿಗೆ ಏನಾದರೂ ಆದರೆ ಏನು ಗತಿ ಎಂಬ ಸಾಲು ನನ್ನ ಪಟ್ಟಿಯಲ್ಲಿ ಇರಲಿಲ್ಲ. ಸಬ್ಸಿಡಿಯ ಅರ್ಜಿ ತುಂಬಿದ ಯಾವ ಹಂತದಲ್ಲೂ ನನ್ನನ್ನು ಯಾರೂ ಆ ಪ್ರಶ್ನೆ ಕೇಳಲಿಲ್ಲ. ಆಧಾರ್, ಆರ್‌ಆರ್ ನಂಬರ್, ಬ್ಯಾಂಕ್ ಖಾತೆ, ಕೊನೆಗೆ ಪ್ಯಾನೆಲ್ ಮುಂದೆ ನಿಂತ ನನ್ನ ಫೋಟೋ ಕೇಳಿದರು. ಅದನ್ನು ಕೂರಿಸಿದವರು ಆ ಫೋಟೋದಲ್ಲಿ ಇಲ್ಲ.

ಸರ್ಕಾರದ ಹಣ ವೇಗವಾಗಿ ತಾರಸಿಗಳ ಮೇಲೆ ಹರಿದಾಗ ಏನಾಗಬಹುದು ಎಂಬುದಕ್ಕೆ ಆಸ್ಟ್ರೇಲಿಯಾ ಒಂದು ಪಾಠ ಇಟ್ಟಿದೆ. 2009ರಲ್ಲಿ ಅಲ್ಲಿನ ಸರ್ಕಾರ ಮನೆಗಳ ಅಟ್ಟಕ್ಕೆ ಬಿಸಿಲು ತಡೆಯುವ ಹೊದಿಕೆ ಹಾಕಿಸಲು ಧಾರಾಳವಾಗಿ ಹಣ ಕೊಟ್ಟಿತು. ರಾತ್ರೋರಾತ್ರಿ ಸಣ್ಣ ಸಣ್ಣ ಗುತ್ತಿಗೆದಾರರು ಹುಟ್ಟಿಕೊಂಡರು. ತರಬೇತಿಯಿಲ್ಲದ ಹುಡುಗರು ಅಟ್ಟ ಹೊಕ್ಕರು. ನಾಲ್ವರು ಸತ್ತರು, ಮೂವರು ಕರೆಂಟು ಹೊಡೆದು, ಒಬ್ಬ ಬಿಸಿಲ ಝಳಕ್ಕೆ. ಒಂದು ವರ್ಷದಲ್ಲೇ ಯೋಜನೆ ನಿಂತಿತು, 2014ರಲ್ಲಿ ರಾಯಲ್ ಕಮಿಷನ್ ವರದಿ ಕೊಟ್ಟಿತು. ಯೋಜನೆಯ ಉದ್ದೇಶದಲ್ಲಿ ಕೆಡುಕಿರಲಿಲ್ಲ. ಮೇಲೆ ಹತ್ತುವವರು ಯಾರು ಎಂದು ಯೋಚಿಸಲು ಅವಸರ ಬಿಡಲಿಲ್ಲ.

ನಮ್ಮ ಹೊಸ ಸಂಹಿತೆಯಲ್ಲಿ ಒಂದು ಕಿಟಕಿ ಇದೆ. ಜೀವಕ್ಕೆ ಅಪಾಯವಿರುವ ಕಸುಬು ಎಂದು ಕೇಂದ್ರ ಸರ್ಕಾರ ಅಧಿಸೂಚನೆ ಹೊರಡಿಸಿದರೆ, ಒಬ್ಬನೇ ಕೆಲಸಗಾರ ಇದ್ದರೂ ಅಲ್ಲಿಗೆ ಇಎಸ್‌ಐ ಬರುತ್ತದೆ. ಎತ್ತರದ ತಾರಸಿ ಕೆಲಸಕ್ಕೆ ಆ ಕಿಟಕಿ ತೆರೆಯಬೇಕು ಎಂದು ನಾನು ಗಟ್ಟಿಯಾಗಿ ನಂಬುತ್ತೇನೆ. ಅದರ ಹಣವನ್ನು ಸಬ್ಸಿಡಿಯಲ್ಲೇ ಹಿಡಿಯಲಿ. 78,000ದಲ್ಲಿ ನಾನೂರು ರೂಪಾಯಿ ಕಡಿಮೆ ಬಂದರೆ ನನ್ನ ಮನೆ ಮುಳುಗುವುದಿಲ್ಲ. ಇನ್ನೊಂದು ಮಾತೂ ಆ ಸಂಹಿತೆಯಲ್ಲಿದೆ: ಮಾಲೀಕ ಮತ್ತು ಹೆಚ್ಚಿನ ಕೆಲಸಗಾರರು ಒಪ್ಪಿದರೆ ಹತ್ತು ಜನ ಇಲ್ಲದೆಯೂ ಇಎಸ್‌ಐಗೆ ಸೇರಬಹುದು. ಅದನ್ನು ಹೇಳಿದಾಗ ಮಾಲೀಕರು ಮಜ್ಜಿಗೆಯ ಎರಡನೇ ಲೋಟ ಕೈಯಲ್ಲೇ ಹಿಡಿದು ಕೂತರು. "ಒಂಬತ್ತಕ್ಕೂ ಆಗುತ್ತಾ?" ಎಂದು ಎರಡು ಸಲ ಕೇಳಿದರು. ಅವರ ಆಡಿಟರು ಅದನ್ನು ಯಾವತ್ತೂ ಹೇಳಿರಲಿಲ್ಲವಂತೆ. ಕಾನೂನು ಇವರವರೆಗೆ ಬಂದಿದ್ದು ಹೆದರಿಕೆಯ ರೂಪದಲ್ಲಿ ಮಾತ್ರ. ಅದರಲ್ಲಿ ಇವರಿಗೆ ಒದಗುವುದೂ ಇದೆ ಎಂದು ಹೇಳಲು ಯಾವ ಕಚೇರಿಯಿಂದಲೂ ಯಾರೂ ಬಂದಿಲ್ಲ.

ಮೂರೂವರೆಗೆ ಮೇಸ್ತ್ರಿ ಎಲ್ಲರನ್ನೂ ಎಬ್ಬಿಸಿದರು. ಸಂಜೆ ಅರ್ತಿಂಗಿನ ಗುಂಡಿಗಳು, ಲೈಟ್ನಿಂಗ್ ಅರೆಸ್ಟರ್, ಗೋಡೆಗೆ ಇನ್ವರ್ಟರ್. ಏಳಕ್ಕೆ ಕತ್ತಲಾಗುವ ಹೊತ್ತಿಗೆ ಎಲ್ಲ ಕೂತಿತ್ತು. ಬೆಳಗಿನ ಆರೂವರೆಯಿಂದ ಸಂಜೆಯ ಏಳು. ನಡುವಿನ ಬಿಡುವು ಕಳೆದರೆ ಒಂಬತ್ತು ಗಂಟೆಯ ಕೆಲಸ, ಅಂಗಡಿ ಕಾಯ್ದೆ ದಿನಕ್ಕೆ ಬಿಡುವಷ್ಟೇ. ಆದರೆ ಹರಡಿಕೊಂಡದ್ದು ಹನ್ನೆರಡೂವರೆ ಗಂಟೆ, ಕಾಯ್ದೆಯ ಹನ್ನೆರಡಕ್ಕಿಂತ ಅರ್ಧ ಹೆಚ್ಚು. ಆ ಅರ್ಧ ಗಂಟೆಗಾಗಿ ನಾನು ಯಾರನ್ನೂ ದೂರಲಾರೆ, ನಡುಹಗಲ ಸೂರ್ಯನಿಗೆ ಅಂಜಿ ಬಿಡುವು ಕೊಟ್ಟದ್ದರಿಂದ ಆದದ್ದು ಅದು.

ಶನಿವಾರ ಬಟವಾಡೆ. ಮೀಟರ್ ಬದಲಾಗಿ ನಮ್ಮ ಕೊನೆಯ ಕಂತು ಕೈಸೇರುವವರೆಗೆ ಮಾಲೀಕರ ಹಣ ನಮ್ಮ ತಾರಸಿಯ ಮೇಲೆಯೇ ಇರುತ್ತದೆ, ಆದರೆ ಬಟವಾಡೆ ನಿಲ್ಲಿಸುವಂತಿಲ್ಲ. ನಾನು ಆ ವಾರವೇ ಉಳಿದ ಬಾಕಿ ಕೊಟ್ಟುಬಿಟ್ಟೆ. ಬೆಸ್ಕಾಂನವರು ಮೀಟರ್ ಹಾಕಲು ಬಂದದ್ದು ಆಮೇಲೆ.

ಈ ಯೋಜನೆಯಲ್ಲಿ ಹಾಕಿದವರೇ ಐದು ವರ್ಷ ನೋಡಿಕೊಳ್ಳಬೇಕು. ಅಂದರೆ ಐದು ವರ್ಷ ಆ ಹುಡುಗ, ಇಲ್ಲವೇ ಅವನಂಥ ಇನ್ನೊಬ್ಬ, ನಮ್ಮ ಎಂಟಡಿ ಚೌಕಟ್ಟಿನ ಮೇಲೆ ಹತ್ತುತ್ತಿರಬೇಕು. ಮಾರ್ಚ್ ಕೊನೆಗೆ ನಮ್ಮ ಮನೆ ಕಟ್ಟಿದ ಎಂಜಿನಿಯರನ್ನೇ ಕರೆಸಿ ಆ ಪಿಲ್ಲರ್ ಕಂಬಿಗಳನ್ನು ತೋರಿಸಿದೆ. ಅವರು ತುಕ್ಕು ಕೆರೆಸಿ, ನಾಲ್ಕೂ ಕಂಬಿಯನ್ನು ಬುಡದಿಂದ ಎರಡಡಿ ಹೊಸ ಕಾಂಕ್ರೀಟಿನಲ್ಲಿ ಹುದುಗಿಸಿ, ನಡುವೆ ದಪ್ಪ ಕಬ್ಬಿಣದ ಒಂದು ಬಳೆ ನಿಲ್ಲಿಸಿಕೊಟ್ಟರು. ಮಹಡಿ ಏರಿಸುವ ಯೋಚನೆ ಇನ್ನಿಲ್ಲ. ಇಪ್ಪತ್ತೊಂದು ದಿನ ನೀರು ಹಾಕಿದೆವು.

ಏಪ್ರಿಲ್ ಕೊನೆಯಲ್ಲಿ, ಮೊದಲ ಮಳೆ ಬಿದ್ದ ಮರುದಿನ, ಒಂದು ಕ್ಲ್ಯಾಂಪ್ ಸದ್ದು ಮಾಡುತ್ತಿದೆ ಎಂದು ಫೋನ್ ಮಾಡಿದ್ದಕ್ಕೆ ತಿರುಮಣಿಯ ಹುಡುಗ ಬಂದ. ಬೆಲ್ಟು ಹಾಕಿಕೊಂಡೇ ಮೆಟ್ಟಿಲು ಹತ್ತಿದ. ಹಗ್ಗದ ಸುರುಳಿ ಬಿಚ್ಚುತ್ತ ಮೂಲೆಯ ಕಡೆ ನಡೆದವನು ಬಳೆಯನ್ನು ಕಂಡು ನಿಂತ. ಕೂತು, ಎರಡೂ ಕೈಯಲ್ಲಿ ಹಿಡಿದು, ಹಿಂದಕ್ಕೆ ಮೈಭಾರ ಬಿಟ್ಟು ಎಳೆದು ನೋಡಿದ. ಅದು ಅಲುಗಲಿಲ್ಲ. ಕೊಂಡಿ ಹಾಕಿದ. ಟಕ್ ಎಂದಿತು.

"ಇದು ಯಾವಾಗ ಮಾಡ್ಸಿದ್ರಿ ಅಮ್ಮಾ?" ಎಂದು ಬಟ್ಟೆ ಒಣಹಾಕುತ್ತಿದ್ದ ನನ್ನ ಹೆಂಡತಿಯನ್ನು ಕೇಳಿ, ಉತ್ತರಕ್ಕೆ ಕಾಯದೆ ಸ್ಪ್ಯಾನರ್ ಬಾಯಲ್ಲಿ ಕಚ್ಚಿಕೊಂಡು ಹತ್ತತೊಡಗಿದ.